ಕಟ್ಟಿಸಿದ ಹಲ್ಲಿನಿಂದ ಹುಟ್ಟಿದ ಜಗಳ

ಹಲ್ಲು ಕಟ್ಟಿಸಿಕೊಳ್ಳುವವರು ಅರ್ಧ ವೆಚ್ಚವನ್ನು ತಾವೇ ಕೊಡಬೇಕೆಂಬ ನಿಯಮ ಬಂತೆಂದು ಮಂತ್ರಿಯೊಬ್ಬರು ರಾಜೀನಾಮೆಯಿತ್ತು ಹೊರನಡೆದರೆಂದರೆ ಯಾರಾದರೂ ನಕ್ಕಾರು. ಆದರೆ 1951ರ ಏಪ್ರಿಲ್ ತಿಂಗಳಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು ಇದೇ. ಕೊರಿಯಾ ಯುದ್ಧದ ಬಿಸಿಯಲ್ಲಿ ಅಲ್ಲಿನ ಲೇಬರ್ ಪಕ್ಷದ ಸರ್ಕಾರ ಮೂರು ವರ್ಷಗಳಿಗೆ 470 ಕೋಟಿ ಪೌಂಡುಗಳ ಶಸ್ತ್ರಾಸ್ತ್ರ ಯೋಜನೆಯನ್ನು ಹಾಕಿಕೊಂಡಿತ್ತು. ಅದರ ಭಾರವನ್ನು ಹೊಂದಿಸುತ್ತಿದ್ದ ಹಣಕಾಸಿನ ಮಂತ್ರಿ ಹ್ಯೂ ಗೇಟ್ಸ್‌ಕಲ್ ಅವರು, ಅದುವರೆಗೆ ಉಚಿತವಾಗಿ ದೊರೆಯುತ್ತಿದ್ದ ಕಟ್ಟಿಸಿದ ಹಲ್ಲು ಮತ್ತು ಕನ್ನಡಕಗಳಿಗೆ ಶುಲ್ಕ ವಿಧಿಸಿದರು. ಇದರಿಂದ ಆ ವರ್ಷ ಉಳಿಯಬಹುದಾಗಿದ್ದ ಹಣ 1 ಕೋಟಿ 30 ಲಕ್ಷ ಪೌಂಡು. ಸಮುದ್ರದ ಮುಂದೆ ಬೊಗಸೆ ನೀರು! ಕಾರ್ಮಿಕ ಮಂತ್ರಿ ಅನೈರಿನ್ ಬೆವನ್ನರಿಗೆ ಶಸ್ತ್ರಾಸ್ತ್ರದ ಮೊತ್ತವೂ ಹಿಡಿಸಿರಲಿಲ್ಲ. ಆದರೆ ತಾಳ್ಮೆ ಕಡಿದದ್ದು ಹಲ್ಲು-ಕನ್ನಡಕಗಳ ಮಾತಿಗೆ. ಅವರೊಡನೆ ಪದವಿ ತ್ಯಜಿಸಿದವರು ಮತ್ತಿಬ್ಬರು. ಒಬ್ಬರು ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್. ಇನ್ನೊಬ್ಬರು 1965ರಲ್ಲಿ ಬ್ರಿಟನ್ನಿನ ಹೈಕಮಿಷನರಾಗಿ ದೆಹಲಿಗೆ ಬಂದ ಜಾನ್ ಫ್ರೀಮನ್.

ಬೆವನ್ನರಿಗೆ ಇಷ್ಟು ಹಠವೇಕೆಂದರೆ, ಆ ಸೇವೆ ಅವರ ಕೈಕೂಸು. ವೇಲ್ಸ್ ಪ್ರಾಂತದ ಟ್ರೆಡೀಗರ್ ಎಂಬ ಗಣಿಯೂರಿನಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿಗೇ ಕಲ್ಲಿದ್ದಲ ಗಣಿಗಿಳಿದವರು ಅವರು. ಆ ಊರಿನ ಕಾರ್ಮಿಕರು ತಮ್ಮ ಕೂಲಿಯಲ್ಲಿ ಅಷ್ಟಿಷ್ಟು ಕೂಡಿಹಾಕಿ ವೈದ್ಯರನ್ನು ನೇಮಿಸಿಕೊಂಡು, ಕಾಯಿಲೆ ಬಿದ್ದವನಿಂದ ಕಾಸು ಕೇಳದೆ ಔಷಧೋಪಚಾರ ಮಾಡಿಸುವ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಟ್ರೆಡೀಗರಿನಲ್ಲಿ ಆದದ್ದು ದೇಶಕ್ಕೆಲ್ಲ ಆಗಬೇಕೆಂಬುದು ಬೆವನ್ನರ ಛಲ. ಆರೋಗ್ಯ ಮಂತ್ರಿಯಾಗಿ ಅವರು ಅದನ್ನು ಸಾಧಿಸಿಯೂ ತೋರಿಸಿದರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2,688 ಆಸ್ಪತ್ರೆಗಳು ಸರ್ಕಾರದ ವಶವಾದವು. ಖರ್ಚು ಮುಖ್ಯವಾಗಿ ತೆರಿಗೆಯ ಹಣದಿಂದ. ರೋಗಿಯ ಮುಂದೆ ಬಿಲ್ಲು ಹಿಡಿಯುವಂತಿಲ್ಲ.

ಬೆವನ್ನರು ಇಷ್ಟನ್ನು ಸಾಧಿಸಿದ್ದು ರಾಜಿ ಮಾಡಿಕೊಂಡೇ ಎಂಬುದನ್ನು ಅವರ ಅಭಿಮಾನಿಗಳು ಅನೇಕ ವೇಳೆ ಮರೆಯುತ್ತಾರೆ. ಆ ವರ್ಷದ ಆರಂಭದಲ್ಲಿ ವೈದ್ಯರ ಸಂಘ ಮತ ಕೇಳಿದಾಗ ಹತ್ತರಲ್ಲಿ ಒಂಬತ್ತು ಮಂದಿ ಹೊಸ ವ್ಯವಸ್ಥೆ ಬೇಡವೆಂದಿದ್ದರು. ಅವರನ್ನು ಒಲಿಸಲು ದೊಡ್ಡ ಆಸ್ಪತ್ರೆಗಳ ತಜ್ಞರಿಗೆ ಖಾಸಗಿ ರೋಗಿಗಳನ್ನು ನೋಡುವ ಅನುಮತಿ ದೊರೆಯಿತು. ಸರ್ಕಾರಿ ಆಸ್ಪತ್ರೆಯೊಳಗೇ ಹಣ ಕೊಡುವವರಿಗಾಗಿ ಕೆಲವು ಮಂಚಗಳೂ ಉಳಿದವು. ಬಡಾವಣೆಯ ವೈದ್ಯರಂತೂ ಸರ್ಕಾರದ ನೌಕರರಾಗಲೇ ಇಲ್ಲ. ಅವರು ಕರಾರಿನ ಮೇಲೆ ಕೆಲಸ ಮಾಡುವ ಸ್ವತಂತ್ರರು; ಇಂದಿಗೂ ಬಹುಪಾಲು ಹಾಗೆಯೇ. ಎಂದರೆ, ಯಾವುದನ್ನು ಖಾಸಗಿಯವರಿಗೆ ಒಪ್ಪಿಸಕೂಡದೆಂದು ಇಂದು ಬೀದಿಯಲ್ಲಿ ಘೋಷಣೆ ಕೂಗುತ್ತಾರೋ, ಅದರ ಹೆಬ್ಬಾಗಿಲಿನಲ್ಲಿ ಮೊದಲ ದಿನದಿಂದಲೂ ಖಾಸಗಿಯವರೇ ಕುಳಿತಿದ್ದಾರೆ!

ಈ ಮಾತನ್ನು ಅಪಹಾಸ್ಯಕ್ಕೆ ಹೇಳುತ್ತಿಲ್ಲ. ಖಾಸಗೀಕರಣವೆಂಬ ಒಂದೇ ಶಬ್ದದೊಳಗೆ ಬೇರೆ ಬೇರೆ ಸಂಗತಿಗಳು ಅಡಗಿಕೊಂಡಿರುವುದರಿಂದಲೇ ಬ್ರಿಟನ್ನಿನ ಈ ವಾದ ಇಷ್ಟು ವರ್ಷಗಳಾದರೂ ಮುಗಿದಿಲ್ಲ. ಆಸ್ಪತ್ರೆಯ ಕಟ್ಟಡ ಯಾರದು ಎಂಬುದು ಒಂದು ಪ್ರಶ್ನೆ. ಅಲ್ಲಿ ದುಡಿಯುವವರಿಗೆ ಯಜಮಾನರು ಯಾರು ಎಂಬುದು ಇನ್ನೊಂದು. ಕಾಯಿಲೆಯವನ ಜೇಬಿಗೆ ಕೈ ಹೋಗುತ್ತದೆಯೇ ಎಂಬುದು ಬೇರೆಯೇ ಮಾತು. ಮೊದಲಿನ ಎರಡರ ವಿಷಯದಲ್ಲಿ ಗದ್ದಲ ಬಹಳ. ನಮ್ಮ ಅಭಿಪ್ರಾಯದಲ್ಲಿ ಪ್ರಾಣವಿರುವುದು ಮೂರನೆಯದರಲ್ಲಿ.

ಮಾರ್ಗರೆಟ್ ಥ್ಯಾಚರ್ ಅವರ ಕಾಲದಲ್ಲಿ, 1983ರಿಂದ ಮುಂದೆ, ಆಸ್ಪತ್ರೆಯ ಕಸಗುಡಿಸುವುದು, ಬಟ್ಟೆ ಒಗೆಯುವುದು, ಅಡಿಗೆ ಇವುಗಳನ್ನು ಟೆಂಡರು ಕರೆದು ಕೊಡುವ ಪದ್ಧತಿ ಬಂತು. 1991ರಲ್ಲಿ ಇನ್ನೂ ವಿಚಿತ್ರವಾದ ಏರ್ಪಾಡು: ಸರ್ಕಾರದ ಒಂದು ಕೈ ಚಿಕಿತ್ಸೆಯನ್ನು ಕೊಳ್ಳುವುದು, ಇನ್ನೊಂದು ಕೈ ಮಾರುವುದು. ಒಂದೇ ಮನೆಯಲ್ಲಿ ಅತ್ತೆ ಸೊಸೆಗೆ ಹಾಲು ಅಳೆದು ಮಾರಿದಂತೆ. ಸ್ಪರ್ಧೆಯಿಂದ ದಕ್ಷತೆ ಹೆಚ್ಚೀತೆಂಬುದು ಅದರ ಹಿಂದಿನ ತರ್ಕ. ಲೆಕ್ಕ ಬರೆಯುವವರ ಸಂಖ್ಯೆ ಹೆಚ್ಚಿತೆಂಬುದು ವಿರೋಧಿಗಳ ಆಕ್ಷೇಪ. ಲೇಬರ್ ಪಕ್ಷ 1997ರಲ್ಲಿ ಅಧಿಕಾರಕ್ಕೆ ಬಂದ ಮೇಲೂ ಗಾಡಿ ಹಿಂದಕ್ಕೆ ತಿರುಗಲಿಲ್ಲ. ಕಂಪನಿಗಳು ಸಾಲ ತಂದು ಆಸ್ಪತ್ರೆ ಕಟ್ಟುವುದು, ಸರ್ಕಾರ ದಶಕಗಳ ಕಾಲ ಕಂತು ತೆರುವುದು ಎಂಬ ವ್ಯವಸ್ಥೆ ಟೋನಿ ಬ್ಲೇರ್ ಅವರ ಕಾಲದಲ್ಲಿ ಹುಲುಸಾಗಿ ಬೆಳೆಯಿತು. ಹೊಸ ಕಟ್ಟಡಗಳೇನೋ ಎದ್ದವು. ಕಂತಿನ ಹೊರೆ ಎಷ್ಟೆಂಬುದು ಮನೆ ಕಟ್ಟಿಸಿ ಸಾಲ ತೀರಿಸಿದವರಿಗೆ ಬೇರೆ ಹೇಳಬೇಕಾಗಿಲ್ಲ. 2018ರಲ್ಲಿ ಇಂಥ ಹೊಸ ಕರಾರುಗಳನ್ನು ನಿಲ್ಲಿಸಲಾಯಿತು.

2012ರಲ್ಲಿ ಹಿಂಚಿಂಗ್‌ಬ್ರುಕ್ ಎಂಬಲ್ಲಿನ ಸರ್ಕಾರಿ ಆಸ್ಪತ್ರೆಯನ್ನು ಹತ್ತು ವರ್ಷಗಳ ಕರಾರಿನ ಮೇಲೆ ಖಾಸಗಿ ಕಂಪನಿಯೊಂದಕ್ಕೆ ನಡೆಸಲು ಕೊಟ್ಟರು. ದೇಶದಲ್ಲಿ ಅಂಥ ಪ್ರಯೋಗ ಅದೇ ಮೊದಲು. 2015ರ ಜನವರಿಯಲ್ಲಿ ಕಂಪನಿ ತನ್ನಿಂದಾಗದೆಂದು ಕೈಚೆಲ್ಲಿತು. ಸರಿಸುಮಾರು ಅದೇ ಹೊತ್ತಿಗೆ ಬಂದ ತನಿಖಾಧಿಕಾರಿಗಳ ವರದಿಯೂ ಆಸ್ಪತ್ರೆಗೆ ಅತ್ಯಂತ ಕೆಳಗಿನ ದರ್ಜೆ ಕೊಟ್ಟಿತು. ಇದನ್ನು ಕೇಳಿ ವಿರೋಧಿಗಳು ಚಪ್ಪಾಳೆ ತಟ್ಟುವ ಮುನ್ನ ಸ್ಟ್ಯಾಫರ್ಡ್ ಆಸ್ಪತ್ರೆಯನ್ನೂ ನೆನೆಯಬೇಕು. ಅದು ಸಂಪೂರ್ಣ ಸರ್ಕಾರದ್ದು. 2005ರಿಂದ 2009ರ ವರೆಗೆ ಅಲ್ಲಿ ರೋಗಿಗಳು ಕುಡಿಯುವ ನೀರಿಗೂ ಗತಿಯಿಲ್ಲದೆ ನರಳಿದ ಸಂಗತಿ 2013ರ ಫ್ರಾನ್ಸಿಸ್ ವಿಚಾರಣಾ ವರದಿಯಲ್ಲಿ ದಾಖಲಾಗಿದೆ. ಫಲಕದ ಮೇಲಿನ ಹೆಸರು ನೋಡಿ ಒಳಗಿನ ಆರೈಕೆಯನ್ನು ಅಳೆಯಲಾಗದು.

ಸುಧಾರಕರ ವಾದವನ್ನು ತಳ್ಳಿಹಾಕುವಂತಿಲ್ಲ. ಜರ್ಮನಿಯನ್ನು ನೋಡಿರೆನ್ನುತ್ತಾರೆ ಅವರು. ಅಲ್ಲಿ 1883ರಿಂದ ಬೆಳೆದುಬಂದದ್ದು ಕಡ್ಡಾಯ ವಿಮೆ. ಸರ್ಕಾರದ, ಧರ್ಮಸಂಸ್ಥೆಗಳ, ಖಾಸಗಿಯವರ ಆಸ್ಪತ್ರೆಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಬಡವನೇನೂ ಬೀದಿಗೆ ಬಿದ್ದಿಲ್ಲ. ಇದಕ್ಕೆ ಎದುರಾಳಿಗಳ ಉತ್ತರದಲ್ಲಿಯೂ ತಿರುಳುಂಟು. ಖಾಸಗಿಯವರು ಸುಲಭದ ಶಸ್ತ್ರಚಿಕಿತ್ಸೆಗಳನ್ನು ಆರಿಸಿಕೊಂಡು ತೊಡಕಿನ ರೋಗಿಗಳನ್ನು ಸರ್ಕಾರಕ್ಕೆ ಬಿಡುತ್ತಾರೆಂಬುದು ಅವರ ದೂರು. ಇಂಗ್ಲೆಂಡಿನಲ್ಲಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳಲ್ಲಿ ಈಚಿನ ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಖಾಸಗಿ ಕೇಂದ್ರಗಳ ಪಾಲಾಗಿವೆ. ಸಾಲು ಕರಗಿತು, ನಿಜ. ಆದರೆ ಕಲಿಯುವ ಕಿರಿಯ ವೈದ್ಯರ ಕೈ ಪಳಗುವುದು ಎಲ್ಲಿ ಎಂಬ ಚಿಂತೆ ನೇತ್ರತಜ್ಞರಿಗೇ ಹತ್ತಿದೆ.

ಇನ್ನು ಹಲ್ಲಿನ ಕಥೆಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಪಾಠವಿರುವುದು ಅಲ್ಲಿಯೇ. ಆದರೆ ಅದನ್ನು ಕುರಿತು ಪಾರ್ಲಿಮೆಂಟಿನಲ್ಲಿ ಗುಡುಗಿದವರು ಕಡಿಮೆ. 1951ರಲ್ಲಿ ಕಟ್ಟಿಸಿದ ಹಲ್ಲಿಗೆ ಬಂದ ಶುಲ್ಕ ಮರುವರ್ಷವೇ ಇತರ ದಂತ ಚಿಕಿತ್ಸೆಗೂ ಹಬ್ಬಿತು; ಔಷಧ ಚೀಟಿಗೂ ಒಂದು ಷಿಲಿಂಗ್ ಬಿತ್ತು. 1989ರಲ್ಲಿ ಬಹುಮಂದಿ ವಯಸ್ಕರ ಕಣ್ಣಿನ ಪರೀಕ್ಷೆಗೂ ಶುಲ್ಕ ಬಂದಿತು. 1992ರಲ್ಲಿ ಸರ್ಕಾರ ದಂತವೈದ್ಯರಿಗೆ ಕೊಡುವ ಸಂಭಾವನೆಯನ್ನು ಕಡಿತಗೊಳಿಸಿದಾಗ ಅನೇಕರು ಸೇವೆಯಿಂದ ಸದ್ದಿಲ್ಲದೆ ಸರಿದು ಖಾಸಗಿ ವೃತ್ತಿಗೆ ತಿರುಗಿಕೊಂಡರು. 2006ರ ಹೊಸ ಕರಾರು ಇನ್ನಷ್ಟು ಮಂದಿಯ ಮನಸ್ಸನ್ನು ಮುರಿಯಿತು. ದಂತ ಚಿಕಿತ್ಸೆಯನ್ನು ಖಾಸಗಿಯವರಿಗೆ ಮಾರುತ್ತೇವೆಂದು ಯಾವ ಪಕ್ಷವೂ ಮತ ಕೇಳಲಿಲ್ಲ. ಯಾವ ಶಾಸನವೂ ಆಗಲಿಲ್ಲ. ಆದರೂ 2024ರ ಫೆಬ್ರುವರಿಯಲ್ಲಿ ಬ್ರಿಸ್ಟಲ್ ನಗರದ ಒಂದು ದಂತ ಚಿಕಿತ್ಸಾಲಯ ಸರ್ಕಾರದ ದರದಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುವುದೆಂದು ತಿಳಿದೊಡನೆ ನೂರಾರು ಮಂದಿ ಬೀದಿಯುದ್ದ ಸಾಲು ನಿಂತರು. ಸಾಲನ್ನು ಹತೋಟಿಗೆ ತರಲು ಪೋಲೀಸರು ಬರಬೇಕಾಯಿತು. ಆ ಸರ್ಕಾರಿ ದರವಾದರೂ ಎಷ್ಟು? 2025ರ ಏಪ್ರಿಲಿನಲ್ಲಿ ಗೊತ್ತಾದಂತೆ ಇಂಗ್ಲೆಂಡಿನಲ್ಲಿ ಹಲ್ಲಿನ ಪಂಕ್ತಿ ಕಟ್ಟಿಸುವ ವರ್ಗದ ಚಿಕಿತ್ಸೆಗೆ 326 ಪೌಂಡು 70 ಪೆನ್ಸ್.

ದಂತಶಾಲೆಯಲ್ಲಿ ಆದದ್ದು ಇನ್ನುಳಿದ ಆಸ್ಪತ್ರೆಯಲ್ಲಿ ಆಗದೆಂದು ಹೇಳುವ ಧೈರ್ಯ ಯಾರಿಗಿದೆ? ಶಸ್ತ್ರಚಿಕಿತ್ಸೆ ಮೊದಲಾದವುಗಳಿಗೆ ಇಂಗ್ಲೆಂಡಿನಲ್ಲಿ ಕಾದಿರುವವರ ಪಟ್ಟಿ 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿತ್ತು. ಮಂಡಿನೋವಿನ ಮುದುಕರು ಒಂದು ವರ್ಷ ಕಾಯುತ್ತಾರೆ. ಕೂಡಿಟ್ಟ ಹಣವಿದ್ದರೆ ಅದನ್ನು ತೆಗೆದು ಖಾಸಗಿ ಆಸ್ಪತ್ರೆಗೆ ನಡೆಯುತ್ತಾರೆ. ಅವರನ್ನು ದೂರುವಂತಿಲ್ಲ. ಆದರೆ ಹೀಗೆ ಹೋದವರು ಮರುಸಲ ತೆರಿಗೆ ಕಟ್ಟುವಾಗ, ತಮಗೊದಗದ ಸೇವೆಗೆ ತಾವೇಕೆ ತೆರಬೇಕೆಂದು ಕೇಳತೊಡಗುತ್ತಾರೆ. ಆಸ್ಪತ್ರೆಯನ್ನು ಮಾರಬೇಕಾದುದೇ ಇಲ್ಲ, ಕಾಯಿಸಿದರೆ ಸಾಕು. ಜನಾಭಿಪ್ರಾಯದ ಸಮೀಕ್ಷೆಯಲ್ಲಿ ಸೇವೆ ತೃಪ್ತಿಕರವೆಂದವರು 2010ರಲ್ಲಿ ನೂರಕ್ಕೆ 70, 2024ರಲ್ಲಿ 21. ಸೋಜಿಗವೆಂದರೆ, ಚಿಕಿತ್ಸೆಯ ವೇಳೆ ಹಣ ಕೇಳಕೂಡದೆಂಬ ಮೂಲ ತತ್ತ್ವವನ್ನು ಅದೇ ಜನರಲ್ಲಿ ನೂರಕ್ಕೆ ಸುಮಾರು 90 ಮಂದಿ ಇಂದಿಗೂ ಬಿಡಲೊಲ್ಲರು.

ಈ ಸೇವೆಯಲ್ಲಿ ನಮ್ಮವರ ಪಾಲೂ ಅಲ್ಪವಲ್ಲ. 1960ರ ದಶಕದಿಂದೀಚೆಗೆ ಭಾರತದ ವೈದ್ಯರು ಸಾವಿರಗಟ್ಟಲೆ ಅಲ್ಲಿಗೆ ಹೋದರು. ಮೈಸೂರು, ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದರು. ಬಿಳಿಯ ವೈದ್ಯರು ಹಿಂಜರಿಯುತ್ತಿದ್ದ ವೃದ್ಧರ ವಾರ್ಡುಗಳು, ಕೈಗಾರಿಕಾ ಪಟ್ಟಣಗಳು, ಬೆವನ್ನರ ಆ ಗಣಿಕಣಿವೆಗಳೇ ಅನೇಕರಿಗೆ ದಕ್ಕಿದ ಸ್ಥಳಗಳು. 1975ರಲ್ಲಿ ನಮ್ಮ ಪದವಿಗಳಿಗಿದ್ದ ನೇರ ಮನ್ನಣೆ ತಪ್ಪಿ ಪರೀಕ್ಷೆ ಬಂದ ಮೇಲೂ ಹೋಗುವವರು ನಿಲ್ಲಲಿಲ್ಲ. ವೇಲ್ಸಿನ ಕಣಿವೆಯಲ್ಲಿ ಹೀಗೆ ನೆಲೆನಿಂತ ವೈದ್ಯರು ಕಾನೂನಿನ ಲೆಕ್ಕದಲ್ಲಿ ಖಾಸಗಿ ಗುತ್ತಿಗೆದಾರರೇ. ಎದುರು ಕುಳಿತ ಗಣಿಕಾರ್ಮಿಕನಿಗೆ ಅದು ತಿಳಿದೇ ಇರಲಿಲ್ಲ; ತಿಳಿಯುವ ಅಗತ್ಯವೂ ಬೀಳಲಿಲ್ಲ. ಎದ್ದು ಹೋಗುವಾಗ ಅವನು ಹಣ ಕೊಡಬೇಕಾಗಿರಲಿಲ್ಲವಷ್ಟೆ.

2024ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರಕ್ಕೆ ಲಾರ್ಡ್ ಡಾರ್ಜಿಯವರು ಕೊಟ್ಟ ವರದಿ, ಸೇವೆಯ ಸ್ಥಿತಿ ಚಿಂತಾಜನಕವೆಂದಿತು. ಕಾಯುವ ಸಾಲನ್ನು ತಗ್ಗಿಸಲು ಖಾಸಗಿ ಆಸ್ಪತ್ರೆಗಳ ನೆರವನ್ನು ಹೆಚ್ಚಾಗಿ ಪಡೆಯುವುದಾಗಿ 2025ರಲ್ಲಿ ಅದು ಸಾರಿದಾಗ ಬೆವನ್ನರ ಪಕ್ಷದೊಳಗೇ ಗೊಣಗಾಟವೆದ್ದಿತು. ಇಂಗ್ಲೆಂಡಿನಲ್ಲಿ ಒಂದೊಂದು ಔಷಧಕ್ಕೂ ತೆರಬೇಕಾದ ಶುಲ್ಕ 2024ರಲ್ಲಿ 9 ಪೌಂಡು 90 ಪೆನ್ಸಿಗೆ ಏರಿತು. ವೇಲ್ಸಿನವರು ಮಾತ್ರ 2007ರಲ್ಲೇ ಆ ಶುಲ್ಕವನ್ನು ತೆಗೆದುಹಾಕಿದರು. ಇಂದು ಟ್ರೆಡೀಗರಿನ ಔಷಧದಂಗಡಿಯಲ್ಲಿ ವೈದ್ಯರ ಚೀಟಿ ಕೊಟ್ಟರೆ ಕಾಸು ಕೇಳುವವರಿಲ್ಲ. ಹಲ್ಲು ಕಟ್ಟಿಸಿಕೊಳ್ಳಬೇಕಾದರೆ ಬಹುಮಂದಿ ಅಲ್ಲಿಯೂ ಹಣ ಕೊಡಬೇಕು.