ಕುದುರೆಗೊಂದು ಈಜುಕೊಳ: ಬೇಡಿಕೆಯನ್ನು ಅಳೆಯುವುದು ಹೇಗೆ?

ಪಂದ್ಯದ ಕುದುರೆಗಳು ಹೆಚ್ಚಾಗಿರುವ ಊರಿನಲ್ಲಿ ಅವುಗಳಿಗಾಗಿ ಒಂದು ಈಜುಕೊಳ ಕಟ್ಟಿಸಿ, ಕಾಲುನೋವಿನಿಂದ ಬಳಲುವ ಕುದುರೆಗಳು ಚೇತರಿಸಿಕೊಳ್ಳಲು ನೆರವಾಗಬೇಕೆಂದು ಒಬ್ಬರು ಯೋಚಿಸಿದ್ದಾರೆ ಎನ್ನೋಣ. 'ಎಷ್ಟು ಕುದುರೆಗಳು ಬರಬಹುದು?' ಎಂದು ಅವರು ನಿಮ್ಮನ್ನು ಕೇಳುತ್ತಾರೆ. ಊರಿನಲ್ಲಿರುವ ಕುದುರೆಗಳನ್ನು ಎಣಿಸಿ ಉತ್ತರ ಹೇಳಿದರೆ ನೀವು ತಪ್ಪುತ್ತೀರಿ. ಇದು ವ್ಯಾಪಾರದ ಪ್ರಶ್ನೆಯಂತೆ ಕಂಡರೂ ಇದರ ಬೇರು ಭೌತವಿಜ್ಞಾನದಲ್ಲಿದೆ.

ನೀರು ಮಾಡುವ ಕೆಲಸ

ಪಂದ್ಯದ ಕುದುರೆಯ ತೂಕ ಸುಮಾರು 500 ಕಿಲೋಗ್ರಾಂ. ನಾಗಾಲೋಟದಲ್ಲಿ ಒಂದೇ ಕಾಲಿನ ಮೇಲೆ ಬೀಳುವ ಗರಿಷ್ಠ ಬಲ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಎಂದರೆ 1,250 ಕಿಲೋಗ್ರಾಂ ಭಾರಕ್ಕೆ ಸಮ. ಕೀಲು ಮತ್ತು ಸ್ನಾಯುರಜ್ಜುಗಳು ಕೆಡುವುದು ಇದರಿಂದಲೇ.

ನೀರಿಗಿಳಿದ ಕುದುರೆಯನ್ನು ಆರ್ಕಿಮಿಡೀಸ್ ತತ್ತ್ವದಂತೆ ನೀರು ಮೇಲಕ್ಕೆ ನೂಕುತ್ತದೆ. ನೀರು ಮೊಣಕೈ ಮಟ್ಟದಲ್ಲಿದ್ದರೆ ಕಾಲುಗಳ ಮೇಲಿನ ಭಾರ ಶೇಕಡಾ 10ರಿಂದ 15ರಷ್ಟು ಮಾತ್ರ ಕಡಿಮೆಯಾಗುತ್ತದೆ. ಸೊಂಟದ ಮಟ್ಟಕ್ಕೆ ಏರಿದರೆ ಸುಮಾರು ಶೇಕಡಾ 75ರಷ್ಟು. ಈಜುವಾಗಲಂತೂ ಕಾಲುಗಳು ಭಾರವನ್ನೇ ಹೊರುವುದಿಲ್ಲ. ಆದರೂ ನೀರಿನ ಪ್ರತಿರೋಧದ ವಿರುದ್ಧ ಸ್ನಾಯುಗಳು, ಹೃದಯ, ಶ್ವಾಸಕೋಶಗಳು ಚೆನ್ನಾಗಿ ದುಡಿಯುತ್ತವೆ. ಒಂದು ಮೀಟರ್ ಆಳದಲ್ಲಿ ನೀರಿನ ಒತ್ತಡ ವಾಯುಮಂಡಲದ ಒತ್ತಡದ ಹತ್ತನೆಯ ಒಂದು ಭಾಗದಷ್ಟಿರುತ್ತದೆ. ಕಾಲಿನ ಬಾವು ಇಳಿಯಲು ಇದು ಸಹಾಯಕ.

ಆದರೆ ಇದು ಎಲ್ಲ ಕುದುರೆಗಳಿಗೂ ಸಲ್ಲುವುದಿಲ್ಲ. ಈಜುವ ಕುದುರೆ ತಲೆಯೆತ್ತಿ, ಬೆನ್ನನ್ನು ತಗ್ಗಿಸಿ, ಹಿಂಗಾಲುಗಳನ್ನು ಬಲವಾಗಿ ಒದೆಯುತ್ತದೆ. ಬೆನ್ನು ನೋವಿರುವ ಕುದುರೆಗೆ ಇದು ಹಾನಿಕರ. ಎದೆಯ ಸುತ್ತ ನೀರು ಒತ್ತುವುದರಿಂದ ಉಸಿರಾಟದ ತೊಂದರೆಯುಳ್ಳ ಕುದುರೆಗೂ ಇದು ಸರಿಯಲ್ಲ. ಗಾಯ ಮಾಯದ ಕುದುರೆಯನ್ನು ನೀರಿಗಿಳಿಸುವಂತಿಲ್ಲ. ಇನ್ನು ಮೂಳೆ ಗಟ್ಟಿಯಾಗಬೇಕಾದರೆ ಅದು ಭಾರ ಹೊರಲೇಬೇಕು. ಆದ್ದರಿಂದ ಈಜು ವಿಶ್ರಾಂತಿಗೂ ಓಟಕ್ಕೂ ನಡುವಿನ ಸೇತುವೆಯೇ ಹೊರತು ಓಟಕ್ಕೆ ಬದಲಿಯಲ್ಲ.

ನ್ಯೂಮಾರ್ಕೆಟ್‌ನ ಲೆಕ್ಕ

ಈಗ ಒಂದು ನಿಜವಾದ ಊರನ್ನು ತೆಗೆದುಕೊಳ್ಳೋಣ. ಲಂಡನ್ನಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ನ್ಯೂಮಾರ್ಕೆಟ್‌ನಲ್ಲಿ ಸುಮಾರು 3,000 ಪಂದ್ಯದ ಕುದುರೆಗಳು ತರಬೇತಿ ಪಡೆಯುತ್ತಿವೆ. ಇಂಗ್ಲೆಂಡಿನ ಲಾಯಗಳಲ್ಲಿ 1982 ಮತ್ತು 1983ರಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ, ನಷ್ಟವಾದ ತರಬೇತಿಯ ದಿನಗಳಲ್ಲಿ ಸುಮಾರು ಮೂರನೆಯ ಎರಡು ಭಾಗಕ್ಕೆ ಕುಂಟುವಿಕೆಯೇ ಕಾರಣ. ಎಂದರೆ ಅಗತ್ಯವಂತೂ ಇದೆ. ಆದರೆ ಅಗತ್ಯವೇ ಬೇಡಿಕೆಯಲ್ಲ.

ಮುಂದಿನ ನಾಲ್ಕು ಸಂಖ್ಯೆಗಳು ಲೆಕ್ಕದ ರೀತಿಯನ್ನು ತೋರಿಸಲು ನಾನು ಇಟ್ಟುಕೊಂಡ ಊಹೆಗಳು. ಯಾವುದೇ ದಿನ 20ರಲ್ಲಿ 1 ಕುದುರೆ ಕಾಲುನೋವಿನಿಂದ ಓಟ ನಿಲ್ಲಿಸಿದೆ ಎನ್ನೋಣ. ಆಗ 150 ಕುದುರೆಗಳು. ಪಶುವೈದ್ಯರು ಅವುಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಈಜು ತಕ್ಕುದೆಂದು ಒಪ್ಪಿದರೆ 50. ಸ್ವಂತ ಕೊಳವಿಲ್ಲದೆ, ಹಣ ಕೊಟ್ಟು ಕಳುಹಿಸಲು ಸಿದ್ಧರಿರುವ ತರಬೇತುದಾರರ ಪಾಲು ಅದರಲ್ಲಿ ಮೂರನೆಯ ಒಂದು ಭಾಗವಾದರೆ ಸುಮಾರು 17. ಪ್ರತಿಯೊಂದೂ ವಾರಕ್ಕೆ 3 ಬಾರಿ ಬಂದರೆ ವಾರಕ್ಕೆ ಸುಮಾರು 50 ಈಜು. 3,000 ಎಲ್ಲಿ, 50 ಎಲ್ಲಿ!

ಕೊಳದ ಸಾಮರ್ಥ್ಯವೆಷ್ಟು? ಇಳಿಸಿ, ಈಜಿಸಿ, ಹೊರತರಲು ಕುದುರೆಯೊಂದಕ್ಕೆ 15 ನಿಮಿಷ ಹಿಡಿಯೋಣ. ದಿನಕ್ಕೆ 6 ಗಂಟೆ, ವಾರಕ್ಕೆ 6 ದಿನ ಎಂದರೆ 144 ಈಜು. ನಮ್ಮ ಕೊಳ ಮೂರನೆಯ ಎರಡು ಭಾಗದಷ್ಟು ಸಮಯ ಖಾಲಿ.

ಊಹೆಯಲ್ಲಿನ ತಪ್ಪು

ನಾಲ್ಕು ಊಹೆಗಳಲ್ಲಿ ಪ್ರತಿಯೊಂದೂ ಎರಡು ಪಟ್ಟು ಆಚೀಚೆ ಇರಬಹುದು. ಎಲ್ಲ ತಪ್ಪುಗಳೂ ಒಂದೇ ಕಡೆಗೆ ವಾಲುವುದು ಅಪರೂಪ. ಆದ್ದರಿಂದ ಗುಣಲಬ್ಧದ ತಪ್ಪು 16 ಪಟ್ಟು ಆಗದೆ, 4ರ ವರ್ಗಮೂಲವಾದ 2 ಘಾತಸೂಚಿಯಾಗಿ, ಸುಮಾರು 4 ಪಟ್ಟು ಆಗುತ್ತದೆ. ಎಂದರೆ ವಾರಕ್ಕೆ 12ರಿಂದ 200ರವರೆಗೆ! ಇಷ್ಟು ವಿಶಾಲವಾದ ಉತ್ತರವನ್ನು ನಂಬಿ ಹಣ ಹೂಡುವಂತಿಲ್ಲ.

ಆದರೆ ಎರಡು ಸಂಖ್ಯೆಗಳನ್ನು ಖಚಿತಪಡಿಸಿಕೊಂಡರೆ ತಪ್ಪು ಸುಮಾರು 2.7 ಪಟ್ಟಿಗೆ ಇಳಿಯುತ್ತದೆ. ಅವುಗಳ ಬೆಲೆ ಊಹಿಸಿದಷ್ಟೇ ಎಂದು ತಿಳಿದುಬಂದರೆ ವ್ಯಾಪ್ತಿ 19ರಿಂದ 133. ಆಗ ಮೇಲಿನ ಅಂಚೂ 144ಕ್ಕಿಂತ ಕಡಿಮೆ. ಕೊಳ ತುಂಬುವ ಸಂಭವ ಕಡಿಮೆಯೆಂದು ಹೇಳಲು ಇಷ್ಟು ಸಾಕು. ಮೊದಲ ಎರಡು ಸಂಖ್ಯೆಗಳನ್ನು ಪಶುವೈದ್ಯರ ದಾಖಲೆಗಳಿಂದಲೇ ಪಡೆಯಬಹುದು. ತರಬೇತುದಾರರನ್ನು 'ಕೊಳ ಬೇಕೇ?' ಎಂದು ಕೇಳಬೇಡಿ, ಬೇಡವೆನ್ನುವವರು ವಿರಳ. 'ಕಳೆದ ತಿಂಗಳು ಎಷ್ಟು ಕುದುರೆಗಳಿಗೆ ವಿಶ್ರಾಂತಿ ಕೊಟ್ಟಿರಿ? ಅವುಗಳ ಚಿಕಿತ್ಸೆಗೆ ಎಷ್ಟು ಖರ್ಚು ಮಾಡಿದಿರಿ?' ಎಂದು ಕೇಳಿ. ಆರೋಗ್ಯವಂತ ಕುದುರೆಗಳ ವ್ಯಾಯಾಮದ ಬೇಡಿಕೆಯನ್ನು ಬೇರೆಯೇ ಸಾಲಿನಲ್ಲಿ ಬರೆಯಿರಿ.

ಖಾಲಿ ಕೊಳದ ಬೆಲೆ

ಕೊಳ ಖಾಲಿಯಿದ್ದರೂ ಖರ್ಚು ನಿಲ್ಲದು. 20 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಆಳದ ಕೊಳದ ನೀರನ್ನು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಸುಮಾರು 2,800 ಯೂನಿಟ್ ಶಕ್ತಿ ಬೇಕು. ಒಂದು ಕುದುರೆ ಈಜಿದರೂ ಅಷ್ಟೇ, ನೂರು ಈಜಿದರೂ ಅಷ್ಟೇ.

ಅಪಾಯವಿರುವುದು ಇಲ್ಲಿಯೇ. ಸಾಲ ತೀರಿಸಬೇಕಾದ ಮಾಲೀಕನಿಗೆ ಬೆನ್ನು ನೋವಿನ ಕುದುರೆಯೂ ಗಿರಾಕಿಯಾಗಿ ಕಾಣತೊಡಗುತ್ತದೆ. ಬೇಡಿಕೆಯನ್ನು ತಪ್ಪಾಗಿ ಅಳೆದರೆ ಹಣದ ನಷ್ಟ ಮನುಷ್ಯನದು; ಆದರೆ ನೋವನ್ನು ಉಣ್ಣುವುದು ಕುದುರೆ. ಬೆಂಗಳೂರು, ಮೈಸೂರುಗಳಂಥ ಪಂದ್ಯದ ಊರುಗಳಿಗೂ ಈ ಲೆಕ್ಕದ ರೀತಿ ಅನ್ವಯಿಸುತ್ತದೆ. ಸಂಖ್ಯೆಗಳನ್ನು ಮಾತ್ರ ಅಲ್ಲಿನ ಲಾಯಗಳಿಂದಲೇ ತರಬೇಕು. ಗುದ್ದಲಿ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಿರಿ.