ರೋಗಿಯ ಧೈರ್ಯ

ಮನೆಯಲ್ಲಿ ಯಾರಾದರೂ ದೊಡ್ಡ ಕಾಯಿಲೆಯಿಂದ ಮಲಗಿದರೆ, ನೋಡಲು ಬಂದವರು ನಾಲ್ಕು ಕಿತ್ತಳೆಹಣ್ಣನ್ನು ಕೈಗಿಟ್ಟು, “ಧೈರ್ಯವಾಗಿರಿ, ಧೈರ್ಯವೇ ಅರ್ಧ ಔಷಧ” ಎಂದು ಹೇಳಿ ಹೋಗುವುದು ವಾಡಿಕೆ. ಮಾತು ಒಳ್ಳೆಯದೇ. ಆದರೆ ಅದು ಎಷ್ಟರಮಟ್ಟಿಗೆ ನಿಜ?

ಚರಕಸಂಹಿತೆಯ ಪ್ರಕಾರ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣಗಳು, ಒಟ್ಟು 16. ರೋಗಿಗೆ ಹೇಳಿರುವವು ಇವು: ಸ್ಮೃತಿ, ಎಂದರೆ ನಡೆದುದರ ನೆನಪು, ನಿರ್ದೇಶಕಾರಿತ್ವ, ಎಂದರೆ ವೈದ್ಯನು ಹೇಳಿದಂತೆ ನಡೆಯುವುದು, ಅಭೀರುತ್ವ, ಎಂದರೆ ಅಂಜದಿರುವುದು, ಜ್ಞಾಪಕತ್ವ, ಎಂದರೆ ತನ್ನ ಬೇನೆಯನ್ನು ವೈದ್ಯನಿಗೆ ತಿಳಿಯಹೇಳುವುದು. ಎಣಿಕೆಯಲ್ಲಿ ಧೈರ್ಯದ ಪಾಲು ಅರ್ಧವಲ್ಲ. ಹಳೆಯ ಲೆಕ್ಕದ ಮಾತಿನಲ್ಲಿ ಒಂದು ವೀಸ. ಆದರೆ ಆ ವೀಸವನ್ನು ಬಿಟ್ಟರೆ ಲೆಕ್ಕ ತುಂಬುವುದಿಲ್ಲ.

ಈ ವೀಸದ ಬೆಲೆಯನ್ನು ತಿಳಿಯಲು ಒಂದು ನಿದರ್ಶನ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಳೆಯುಳಿಕೆಗಳ ಶಾಸ್ತ್ರವನ್ನು ಬೋಧಿಸುತ್ತಿದ್ದ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಹೊಟ್ಟೆಯ ಒಳಪೊರೆಯ ಕ್ಯಾನ್ಸರ್ ಕಂಡಿತು. ಗ್ರಂಥಾಲಯಕ್ಕೆ ಹೋಗಿ ಓದಿದರೆ, ಅಂಥ ರೋಗಿಗಳ ಆಯುಷ್ಯದ ಮಧ್ಯಾಂಕ ಎಂಟು ತಿಂಗಳು ಎಂದಿತ್ತು. ಕಾಲು ಗಂಟೆ ದಿಗ್ಭ್ರಮೆಯಿಂದ ಕುಳಿತರು, ಆಮೇಲೆ ಯೋಚಿಸತೊಡಗಿದರು.

ಮಧ್ಯಾಂಕವೆಂದರೇನು? ಹನ್ನೊಂದು ಮಂದಿ ರೋಗಿಗಳನ್ನು, ಕಡಿಮೆ ಕಾಲ ಬದುಕಿದವನಿಂದ ಹೆಚ್ಚು ಕಾಲ ಬದುಕಿದವನವರೆಗೆ ಸಾಲಾಗಿ ಇರಿಸಿದರೆ, ಆರನೆಯವನು ಬದುಕಿದ ಕಾಲವೇ ಮಧ್ಯಾಂಕ. ಅವನಿಂದಾಚೆಗಿನ ಐವರು ಎಷ್ಟು ಕಾಲ ಬದುಕಿದರೆಂಬುದನ್ನು ಆ ಅಂಕ ಹೇಳುವುದೇ ಇಲ್ಲ. ಒಬ್ಬನು ಒಂದು ವರ್ಷ, ಮತ್ತೊಬ್ಬನು ಇಪ್ಪತ್ತು ವರ್ಷ ಇದ್ದಿರಬಹುದು. ತನಗೆ ವಯಸ್ಸು ಕಡಿಮೆ, ರೋಗ ಬೇಗ ಪತ್ತೆಯಾಗಿದೆ, ಉತ್ತಮ ಚಿಕಿತ್ಸೆ ದೊರೆಯುತ್ತಿದೆ. ಆದುದರಿಂದ ಆಚೆಯ ಸಾಲಿನಲ್ಲಿ ತನಗೂ ಸ್ಥಳವುಂಟೆಂದು ಗೂಲ್ಡ್ ಕಂಡುಕೊಂಡರು. ಚಿಕಿತ್ಸೆಯನ್ನೆಲ್ಲ ಪಡೆದು, ಇಪ್ಪತ್ತು ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಅವರದು ಕಣ್ಣು ಮುಚ್ಚಿದ ಧೈರ್ಯವಲ್ಲ, ತಿಳಿದ ಧೈರ್ಯ.

ಹಾಗಾದರೆ ಧೈರ್ಯವೇ ಅವರನ್ನು ಉಳಿಸಿತೆ? ಹಾಗೆ ಹೇಳಲಾಗದು. ತಲೆ, ಕುತ್ತಿಗೆಗಳ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 1,093 ರೋಗಿಗಳನ್ನು ಕುರಿತ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮನಸ್ಸು ಗೆಲುವಾಗಿದ್ದವರು ಕುಗ್ಗಿದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಅದರಲ್ಲಿ ಕಾಣಲಿಲ್ಲ.

ಧೈರ್ಯದ ಕೆಲಸ ಬೇರೆ. ಅಂಜಿದವನು ಗಂಟನ್ನು ತೋರಿಸದೆ ಮುಚ್ಚಿಡುತ್ತಾನೆ, ನೋವನ್ನು ಹೇಳುವುದಿಲ್ಲ, ಬೇಸತ್ತು ಔಷಧವನ್ನು ನಡುವೆಯೇ ಬಿಡುತ್ತಾನೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ಬೇಕು. ಎರಡು ತಿಂಗಳಲ್ಲಿ ಕೆಮ್ಮು ತಗ್ಗಿತೆಂದು ಬಿಟ್ಟರೆ ರೋಗ ಮರಳುವ ಭಯವುಂಟು. ರೋಗಿಯ ಉಳಿದ ಮೂರು ಗುಣಗಳಿಗೆ ಕಾವಲು ನಿಲ್ಲುವುದೇ ಅಭೀರುತ್ವ. ಉಳಿದಿರುವ ದಿನಗಳು, ಹೆಚ್ಚಿರಲಿ ಕಡಿಮೆಯಿರಲಿ, ಬಾಳಿದ ದಿನಗಳಾಗುವುದೂ ಅದರಿಂದಲೇ.

ಆದುದರಿಂದ ರೋಗ ಉಲ್ಬಣಿಸಿದಾಗ “ನೀನು ಧೈರ್ಯಗೆಟ್ಟದ್ದರಿಂದಲೇ ಹೀಗಾಯಿತು” ಎಂದು ಯಾರೂ ಆಡಬಾರದು. ಬೇನೆಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸಿದಂತಾದೀತು. ಅಳು ಬಂದಾಗ ಅಳಲಿ, ಅಳುವುದು ಹೇಡಿತನವಲ್ಲ. ಪರಿಚಾರಕನಿಗೆ ಹೇಳಿದ ನಾಲ್ಕು ಗುಣಗಳಲ್ಲಿ ರೋಗಿಯ ಮೇಲಣ ಅನುರಾಗವೂ ಒಂದು. ಆ ವೀಸ ನಮ್ಮ ಪಾಲಿನದು. ಮುಂದೆ ರೋಗಿಯನ್ನು ನೋಡಲು ಹೋದಾಗ, ಧೈರ್ಯ ಹೇಳುವುದಕ್ಕೆ ಮೊದಲು ಸ್ವಲ್ಪ ಹೊತ್ತು ಬಳಿಯಲ್ಲಿ ಕುಳಿತು, ಅವರು ಹೇಳುವುದನ್ನು ಕೇಳೋಣ.