ಐದು ನಿಮಿಷದ ಅಂಟು, ಇಡೀ ದಿನದ ಅಂಟು

ಇವತ್ತಿನ ವಿಷಯ ಅಂಟು. ನಗಬೇಡಿ, ಕೇಳಿ.

ನಾವಿರೋದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯೋಕೆ ಓನರ್ ಬಿಡಲ್ಲ. ಅದಕ್ಕೆ ಅಡುಗೆಮನೆ ಟೈಲ್ಸ್ ಮೇಲೆ ಒಂದು ಸ್ಟೀಲ್ ಸ್ಟ್ಯಾಂಡನ್ನ ಐದು ನಿಮಿಷದ ಎಪಾಕ್ಸಿ ಹಾಕಿ ಅಂಟಿಸಿದೆ. ಜಗ್ಗಿ ನೋಡಿದೆ, ಅಲ್ಲಾಡಲಿಲ್ಲ. ಅಮ್ಮ ಬೇಳೆ, ಸಕ್ಕರೆ ಡಬ್ಬಿಗಳನ್ನೆಲ್ಲ ಜೋಡಿಸಿದ್ರು. ಮೂರು ವಾರ ಆರಾಮಾಗಿತ್ತು. ಆಮೇಲೆ ಒಂದು ರಾತ್ರಿ ಅಷ್ಟೂ ಕೆಳಗೆ ಬಿತ್ತು, ಅಮ್ಮ ಒಲೆ ಮುಂದೆ ನಿಲ್ಲೋ ಜಾಗದಲ್ಲೇ. ಸಕ್ಕರೆ ಗುಡಿಸ್ತಾ ಯೋಚಿಸಿದೆ: ಜಗ್ಗಿದಾಗ ಬರದೇ ಇದ್ದದ್ದು ಈಗ್ಯಾಕೆ ಬಿತ್ತು?

ಎಪಾಕ್ಸಿ ಅಂದ್ರೆ ಎರಡು ಟ್ಯೂಬ್. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡ್ನರ್. ಅರಾಲ್ಡೈಟ್ ನೋಡಿರ್ತೀರಲ್ಲ, ಅದೇ. ಫೆವಿಕ್ವಿಕ್ ಈ ಜಾತಿಗೆ ಸೇರಿದ್ದಲ್ಲ, ಅದು ತೇವಾಂಶ ತಾಗಿ ಗಟ್ಟಿಯಾಗುತ್ತೆ. ಎಪಾಕ್ಸಿ ಹಾಗೆ ಒಣಗೋದಿಲ್ಲ. ಎರಡೂ ಸೇರಿ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತೆ. ಹಾರ್ಡ್ನರ್ ಜಾಸ್ತಿ ಹಾಕಿದ್ರೆ ಬೇಗ ಆಗುತ್ತೆ ಅನ್ಕೊಳ್ಳೋದು ತಪ್ಪು, ಅಂಟು ದುರ್ಬಲ ಆಗುತ್ತೆ ಅಷ್ಟೇ. ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲಿ ಹೇಳೋದಾದ್ರೆ ಎರಡೂ ಕಡೆ ಟ್ಯಾಲಿ ಆಗ್ಬೇಕು.

ಬೇಗ ಹಿಡಿಯೋ ಎಪಾಕ್ಸಿಗೂ ನಿಧಾನದ್ದಕ್ಕೂ ಮುಖ್ಯ ವ್ಯತ್ಯಾಸ ಹಾರ್ಡ್ನರ್‌ನಲ್ಲಿದೆ. ನಿಧಾನದ್ದು ಪೂರ್ತಿ ಗಟ್ಟಿಯಾಗೋಕೆ ಸುಮಾರು 24 ಗಂಟೆ ಬೇಕು. ಬೇಗದ್ದು ಐದು ನಿಮಿಷದಲ್ಲಿ ಹಿಡಿಯುತ್ತೆ, ಆದರೆ ಸಾಮಾನ್ಯವಾಗಿ ಶಾಖಕ್ಕೆ, ನೀರಿಗೆ, ಸದಾ ನೇತಾಡೋ ಭಾರಕ್ಕೆ ಅಷ್ಟು ತಡೆಯಲ್ಲ. ಭಾರ ಒಂದೇ ಸಮನೆ ಎಳೀತಿದ್ರೆ ಅಂಟು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗಿ ಜಾರುತ್ತೆ. ಇದಕ್ಕೆ ಕ್ರೀಪ್ ಅಂತಾರೆ. ಒಂದು ಸಲ ಜಗ್ಗಿ ನೋಡಿದ್ರೆ ಇದು ಗೊತ್ತೇ ಆಗಲ್ಲ.

ಅಮೆರಿಕದ ಬಾಸ್ಟನ್‌ನಲ್ಲಿ ಆದದ್ದೂ ಇದೇ. ಅಲ್ಲೊಂದು ಹೆದ್ದಾರಿ ಸುರಂಗ. ಒಳಚಾವಣಿಯ ಕಾಂಕ್ರೀಟ್ ಹಲಗೆಗಳನ್ನ ಹಿಡಿದಿದ್ದ ಬೋಲ್ಟ್‌ಗಳನ್ನ ಮೇಲೆ ರಂಧ್ರ ಕೊರೆದು ಎಪಾಕ್ಸಿಯಲ್ಲಿ ಕೂರಿಸಿದ್ರು. 1999ರಲ್ಲೇ ಕೆಲವು ಬೋಲ್ಟ್ ಕೆಳಗೆ ಸರಿದಿದ್ದು ಕಂಡಿತ್ತು. 2006ರ ಜುಲೈ 10ರ ರಾತ್ರಿ ಹಲಗೆಗಳು ಒಂದು ಕಾರಿನ ಮೇಲೆ ಬಿದ್ದವು. ಒಳಗಿದ್ದ ಮಹಿಳೆ ತೀರಿಕೊಂಡ್ರು, ಕಾರು ಓಡಿಸ್ತಿದ್ದ ಗಂಡ ಉಳಿದ್ರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2007ರಲ್ಲಿ ಕೊಟ್ಟ ವರದಿಯಲ್ಲಿ ಕಾರಣ ಇತ್ತು: ಬಳಸಿದ್ದು ಬೇಗ ಹಿಡಿಯೋ ಎಪಾಕ್ಸಿ, ಸತತ ಭಾರಕ್ಕೆ ಅದು ಕ್ರೀಪ್ ಆಗಿತ್ತು.

ಹಾಗಂತ ಐದು ನಿಮಿಷದ್ದು ಕೆಟ್ಟದ್ದಲ್ಲ. ಒಡೆದ ಪಿಂಗಾಣಿ ಗೊಂಬೆ, ಕಿತ್ತುಬಂದ ಅಲಂಕಾರದ ಕಲ್ಲು, ಇಂಥವಕ್ಕೆ ಅದು ಸಾಕು. ಗಟ್ಟಿ ಕೆಲಸಕ್ಕೆ ನಿಧಾನದ್ದು. ಸೋರೋ ಪೈಪಿಗೆ ಎಂ-ಸೀಲ್, ಚಪಾತಿ ಹಿಟ್ಟಿನ ಥರ ನಾದಿ ಮೆತ್ತೋದು, ಅದೂ ಎಪಾಕ್ಸಿಯೇ. ಕಾಂಕ್ರೀಟ್ ಬಿರುಕಿನೊಳಗೆ ಇಳಿಸೋಕೆ ನೀರಿನಂಥ ತೆಳು ಎಪಾಕ್ಸಿ ಇದೆ. ಕಾರಿನ ಕಾರ್ಖಾನೆಗಳಲ್ಲಿ ಒಂದೇ ಟ್ಯೂಬಿನದು ಬಳಸ್ತಾರೆ, ಅದಕ್ಕೆ ಬಿಸಿ ಕೊಟ್ರೇನೇ ಗಟ್ಟಿಯಾಗೋದು. ಕುಕ್ಕರ್ ಹಿಡಿಗೆ ಮಾತ್ರ ಯಾವುದನ್ನೂ ನಂಬಬೇಡಿ, ಹಿಡಿನೇ ಬದಲಾಯಿಸಿ. ಮನೆಯಲ್ಲಿ ಸಿಗೋ ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತೆ.

ಹಚ್ಚೋ ಮುಂಚೆ ಜಾಗಕ್ಕೆ ಸ್ಯಾಂಡ್ ಪೇಪರ್ ಉಜ್ಜಿ, ಎಣ್ಣೆ ಒರೆಸಿ. ನಾನು ಎರಡೂ ಮಾಡಿರಲಿಲ್ಲ, ಒಗ್ಗರಣೆ ಜಿಡ್ಡಿನ ಮೇಲೇ ಮೆತ್ತಿದ್ದೆ! ಕೈಗೆ ಗ್ಲೌಸ್ ಇರಲಿ, ಕೆಲವರಿಗೆ ಚರ್ಮದ ಅಲರ್ಜಿ ಆಗುತ್ತೆ. ಅಂದ ಹಾಗೆ, ಅವತ್ತು ಒಡೆದ ಸಕ್ಕರೆ ಡಬ್ಬಿ ಪಾಲಿಪ್ರೊಪಿಲೀನ್‌ದು. ಅದಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯೋದೇ ಇಲ್ಲ, ಹೊಸದು ತಂದ್ವಿ.

ಸ್ಟ್ಯಾಂಡ್ ವಿಷಯಕ್ಕೆ ಓನರ್ ಅಂಕಲ್ ಹತ್ರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ನಾಲ್ಕು ಸ್ಕ್ರೂ ಕೇಳಿದ್ದಕ್ಕೆ ಎರಡಕ್ಕೆ ಒಪ್ಪಿದ್ರು. ಬೇಳೆ ಡಬ್ಬಿಗಳು ಈಗ ನೆಲದ ಮೇಲಿವೆ, ಮೇಲೆ ಬರೀ ಸಾಸಿವೆ, ಜೀರಿಗೆ.